ಹನ್ನೊಂದು ಪಿಸ್ತೂಲುಗಳಿದ್ದ ಮನೆ

ಪಿಸ್ತೂಲು ಇರುವ ಮನೆಯಲ್ಲಿ ಅನಾಹುತಗಳಾಗುತ್ತವೆ ಎಂಬುದು ಲೋಕದ ನಂಬಿಕೆ. ಅಂಥದೊಂದು ಮನೆಯ ಬೇಸ್‌ಮೆಂಟಿನಲ್ಲಿ ಎರಡು ವರ್ಷ ಬಾಡಿಗೆಗಿದ್ದ ನನ್ನ ಅನುಭವ ಬೇರೆ. ಅಲ್ಲಿ ಆಗುತ್ತಿದ್ದವು ನಗು ತರಿಸುವ ಸಂಗತಿಗಳು. ಅವು ಒಂದಾದ ಮೇಲೊಂದು ಆಗುತ್ತಲೇ ಇದ್ದವು. ನಕ್ಕಾದ ಮೇಲೆ ಮಾತ್ರ ಸ್ವಲ್ಪ ಹೊತ್ತು ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಮನೆ ಕೆನಡಾದ ಮೆಡೋವೇಲ್ ಎಂಬ ಬಡಾವಣೆಯಲ್ಲಿತ್ತು. ಯಜಮಾನರು ಮೈಸೂರಿನ ಕಡೆಯವರು, ನಿವೃತ್ತ ಇಂಜಿನಿಯರು, ಅರವತ್ತೈದರ ಆಸುಪಾಸಿನ ವಯಸ್ಸು. ಪಿಸ್ತೂಲು ಸಂಗ್ರಹ ಅವರ ಹವ್ಯಾಸ. ಇದ್ದವು ಹನ್ನೊಂದು. ಎಲ್ಲಕ್ಕೂ ಕಾಗದಪತ್ರವಿತ್ತು, ಪ್ರತಿಯೊಂದರ ಟ್ರಿಗರಿಗೂ ಬೇರೆ ಬೇರೆ ಬೀಗವಿತ್ತು, ಎಲ್ಲವೂ ಮಹಡಿಯ ಕೋಣೆಯ ಉಕ್ಕಿನ ಬೀರುವಿನಲ್ಲಿದ್ದವು. ನಾನು ಕನ್ನಡ ಎಂ.ಎ. ಮುಗಿಸಿ ಈ ದೇಶಕ್ಕೆ ಬಂದವನು. ವಾರದ ದಿನಗಳಲ್ಲಿ ವೇರ್‌ಹೌಸಿನಲ್ಲಿ ದುಡಿಯುತ್ತಿದ್ದೆ. ಶನಿವಾರ ನಮ್ಮವರ ಮಕ್ಕಳಿಗೆ ಅ, ಆ, ಇ, ಈ ಕಲಿಸುತ್ತಿದ್ದೆ. ಆ ಎರಡನೆಯ ಕೆಲಸವನ್ನು ಗೌರವಿಸಿ ಅವರು ನನ್ನನ್ನು ‘ಮೇಷ್ಟ್ರೇ’ ಎಂದು ಕರೆಯುತ್ತಿದ್ದರು. ನಾನು ಅವರನ್ನು ಸಾರ್ ಎಂದೂ ಅವರ ಶ್ರೀಮತಿಯವರನ್ನು ಆಂಟಿ ಎಂದೂ ಕರೆಯುತ್ತಿದ್ದೆ.

ನಾನು ಆ ಮನೆ ಸೇರಿ ಒಂದು ವರ್ಷ ತುಂಬುವುದರೊಳಗೆ ಯಜಮಾನರಿಗೆ ಮರೆವು ಹತ್ತಿತು. ಕನ್ನಡಕವನ್ನು ಎಲ್ಲಿಟ್ಟೆ ಎಂದು ಹುಡುಕುವ ಮರೆವಲ್ಲ. ಊಟ ಮಾಡಿ ಕೈ ತೊಳೆದವರು ಮತ್ತೆ ತಟ್ಟೆಯ ಮುಂದೆ ಬಂದು ಕೂರುವ ಮರೆವು. ಅಂದಿನಿಂದ ಆ ಮನೆಯಲ್ಲಿ ಎಲ್ಲರ ಮನಸ್ಸಿನಲ್ಲಿದ್ದದ್ದು ಒಂದೇ ಪ್ರಶ್ನೆ: ಪಿಸ್ತೂಲುಗಳನ್ನು ಬಿಟ್ಟುಕೊಡಿ ಎಂದು ಇವರಿಗೆ ಹೇಳುವವರು ಯಾರು? ಹೇಳುವುದಕ್ಕೆ ಮೊದಲೇ ಏನಾದರೂ ಆಗಿಬಿಟ್ಟರೆ? ಕೆಳಗಿನ ಪ್ರಸಂಗಗಳಲ್ಲಿ ಮೊದಲಿನೆರಡನ್ನು ನನಗೆ ಹೇಳಿದವರು ಆಂಟಿ. ಉಳಿದವುಗಳಲ್ಲಿ ಒಂದನ್ನು ಬಿಟ್ಟು ಎಲ್ಲದರಲ್ಲೂ ನಾನು ಸಾಕ್ಷಿ. ಕೊನೆಯದರಲ್ಲಿ ಅಪರಾಧಿಯೂ ಹೌದು.

೧. ಹೆಂಡತಿಯ ಸಹಿ

ಕೆನಡಾದಲ್ಲಿ ಪಿಸ್ತೂಲಿನ ಲೈಸೆನ್ಸಿಗೆ ಅರ್ಜಿ ಹಾಕುವವನು ತನ್ನ ಹೆಂಡತಿಯ ಸಹಿಯನ್ನೂ ಹಾಕಿಸಬೇಕು. ಯಜಮಾನರು ಆಗ ನಲವತ್ತೈದರವರು. ಆಫೀಸಿನ ಗೆಳೆಯನೊಬ್ಬ ನ್ಯೂಮಾರ್ಕೆಟ್ ಎಂಬ ಊರಿನ ಕಡೆಯ ಗುರಿ ಹೊಡೆಯುವ ಕ್ಲಬ್ಬಿಗೆ ಒಮ್ಮೆ ಕರೆದುಕೊಂಡು ಹೋಗಿದ್ದ. ಬರುವಾಗ ಇವರು ಬೇರೆ ಮನುಷ್ಯರಾಗಿ ಬಂದಿದ್ದರು. ಅರ್ಜಿಯನ್ನು ಅಡಿಗೆಮನೆಯ ಕಟ್ಟೆಯ ಮೇಲಿಟ್ಟು, ಸಹಿ ಹಾಕಬೇಕಾದ ಜಾಗದಲ್ಲಿ ಬೆರಳಿಟ್ಟು ನಿಂತರು.

"ಏನ್ರೀ ಇದು?"

"ಏನಿಲ್ಲ ಕಣೇ. ನಾನು ಪಿಸ್ತೂಲು ಇಟ್ಕೊಂಡ್ರೆ ನಿಂಗೇನೂ ಭಯ ಇಲ್ಲ ಅನ್ನೋದಕ್ಕೆ ಒಂದು ಸಹಿ."

ಆಂಟಿ ಕೈಯೊರೆಸಿಕೊಂಡು, ಅರ್ಜಿಯ ಹಿಂದುಮುಂದನ್ನೆಲ್ಲ ಓದಿ, ಸಹಿ ಹಾಕಿದರು. ಹಾಕಿದ ಮೇಲೆ ಹೇಳಿದರು: "ನಿಮ್ಮ ಡ್ರೈವಿಂಗ್ ಲೈಸೆನ್ಸಿಗೂ ಹೀಗೇ ನನ್ನನ್ನ ಕೇಳ್ಬೇಕಾಗಿತ್ತು. ಅದಕ್ಕೆ ಮಾತ್ರ ಹಾಕ್ತಿರ್ಲಿಲ್ಲ."

೨. ಹೊಳೆಯುವುದರಿಂದ ಹಳೆಯದರ ಕಡೆಗೆ

ಮೊದಮೊದಲು ಅವರ ರುಚಿ ಹೊಳಪಿನದು. ಕನ್ನಡಿಯಂತೆ ಮಿನುಗುವ, ಅಂಗೈಗಿಂತ ದೊಡ್ಡದಾದ, ಬಿಳಿಯ ಹಿಡಿಯ ಪಿಸ್ತೂಲನ್ನು ಕೊಂಡು ತಂದರು. ಬೀದಿಯ ಆಚೆಬದಿಯಲ್ಲಿ ಉಡುಪಿಯವರೊಬ್ಬರಿದ್ದರು. ಮದುವೆ ಮುಂಜಿಗಳಿಗೆ ಅಡಿಗೆ ಒದಗಿಸುವ ವ್ಯಾಪಾರ ಅವರದು. ಅವರನ್ನು ಕರೆದು ತೋರಿಸಿದಾಗ ಅವರು ಕನ್ನಡಕ ಏರಿಸಿಕೊಂಡು ನೋಡಿ, "ಎಂಥದು ಮಾರಾಯ್ರೇ, ಬ್ಯಾಂಡಿನವರ ವಾದ್ಯದ ಹಾಗೆ ಉಂಟಲ್ಲ" ಎಂದರು. ಮರುತಿಂಗಳೇ ಅದು ಮಾರಾಟವಾಯಿತು.

ಆಮೇಲೆ ಬಂದದ್ದು ಗುರಿಯ ಕಾಲ. ನೋಟ ಹೇಗಾದರೂ ಇರಲಿ, ಗುಂಡು ಕಾಗದದ ನಡುಮಧ್ಯಕ್ಕೆ ಹೋಗಬೇಕು. ಕೈಯ ಆಕಾರಕ್ಕೆ ಕೆತ್ತಿದ ಮರದ ಹಿಡಿ, ಅದರ ಮೇಲೆ ಗೂಟದಂತೆ ನಿಂತ ನಳಿಗೆ. ಅದನ್ನು ನೋಡಿದ ಉಡುಪಿಯವರು, "ಗೋಡೆಗೆ ತೂತು ಕೊರೀಲಿಕ್ಕಾ?" ಎಂದರು.

ಮೂರನೆಯದು ವಯಸ್ಸಿನ ಕಾಲ. ಈಗ ಅವರಿಗೆ ಹೊಳಪೂ ಬೇಡ, ಗುರಿಯೂ ಬೇಡ. ತಮಗಿಂತ ಹಳೆಯದಾದ ಪಿಸ್ತೂಲು ಬೇಕು. ಬೆಲ್ಜಿಯಮ್ಮಿನದು, ಜರ್ಮನಿಯದು, ಯಾವುದೋ ದೇಶದ ಪೊಲೀಸರು ಸೊಂಟಕ್ಕೆ ಕಟ್ಟಿ ಕಟ್ಟಿ ಅಂಚು ಸವೆಸಿದ್ದು. ಪ್ರತಿಯೊಂದಕ್ಕೂ ಒಂದು ಕಥೆ; ಕಥೆ ಹೇಳುವಾಗ ಅವರ ಧ್ವನಿಯೇ ಬದಲಾಗುತ್ತಿತ್ತು. ಉಡುಪಿಯವರು ಈ ಸಲ ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು:

"ನಿಮಗೆ ಪ್ರಾಯ ಮುಂದೆ ಮುಂದೆ ಹೋದ ಹಾಗೆ ನಿಮ್ಮ ಪಿಸ್ತೂಲು ಹಿಂದೆ ಹಿಂದೆ ಹೋಗ್ತಾ ಉಂಟು. ಇನ್ನು ಹತ್ತು ವರ್ಷ ಬಿಟ್ಟು ಬಂದ್ರೆ ನೀವು ನಂಗೆ ಕಲ್ಲು ತೋರಿಸ್ತೀರಿ."

೩. ಯುದ್ಧದ ಗಾಯ

ನಾನು ಆ ಮನೆಗೆ ಬಂದ ವರ್ಷದ ಆಯುಧಪೂಜೆ. ನಮ್ಮವರ ಉಳಿದ ಮನೆಗಳಲ್ಲಿ ಆ ದಿನ ದೇವರ ಮುಂದೆ ಕಾರಿನ ಕೀಲಿ, ಲ್ಯಾಪ್‌ಟಾಪು, ಹೆಚ್ಚೆಂದರೆ ಈಳಿಗೆಮಣೆ ಇರುತ್ತದೆ. ಈ ಮನೆಯಲ್ಲಿ ಬಾಳೆಲೆಯ ಮೇಲೆ ಹನ್ನೊಂದು ಪಿಸ್ತೂಲುಗಳು ಸಾಲಾಗಿ ಮಲಗಿದ್ದವು. ಒಂದರಲ್ಲೂ ಗುಂಡಿಲ್ಲ, ಯಜಮಾನರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕಾವಲು. ಆಂಟಿ ಅರಿಸಿನ ಕುಂಕುಮಗಳನ್ನು ನೀರಿನಲ್ಲಿ ಕಲಸಿ ಪ್ರತಿಯೊಂದರ ನಳಿಗೆಯ ಮೇಲೂ ಬೊಟ್ಟಿಟ್ಟರು. ಮಂಗಳಾರತಿಯಾಯಿತು. ಪೂಜೆ ಮುಗಿದ ಕೂಡಲೇ ಎಣ್ಣೆಬಟ್ಟೆಯಿಂದ ಒರೆಸಿ ಒಳಗಿಡುವುದು ಯಜಮಾನರ ಕೆಲಸ. ವರ್ಷವರ್ಷವೂ ಹಾಗೆಯೇ ನಡೆದುಬಂದದ್ದು.

ಆ ವರ್ಷ ಅವರು ಒರೆಸುವುದನ್ನು ಮರೆತರು. ಹಾಗೆಯೇ ಬೀಗ ಹಾಕಿ ಒಳಗಿಟ್ಟರು. ಮೂರು ವಾರದ ಮೇಲೆ ಬೀರು ತೆಗೆದಾಗ ಹನ್ನೊಂದರ ನೆತ್ತಿಯ ಮೇಲೂ ಕಾಸಿನಗಲದ ತುಕ್ಕು. ತುಕ್ಕನ್ನು ಉಜ್ಜಬಹುದಿತ್ತು, ಹೋದ ಬಣ್ಣವನ್ನು ತರುವಂತಿರಲಿಲ್ಲ. ಆಂಟಿ ಅತ್ತರು. ಯಜಮಾನರು ಎರಡು ದಿನ ಎಣ್ಣೆಬಟ್ಟೆ ಹಿಡಿದು ಉಜ್ಜುತ್ತಲೇ ಕೂತರು. ಮೂರನೆಯ ದಿನ ಅವರ ರುಚಿ ಮತ್ತೊಮ್ಮೆ ಬದಲಾಗಿತ್ತು. "ಮೇಷ್ಟ್ರೇ, ಕಲೆ ಇಲ್ಲದ್ದು ಎಲ್ಲರ ಹತ್ರಾನೂ ಇರುತ್ತೆ" ಎಂದರು.

ಮುಂದಿನ ಭಾನುವಾರ ಕ್ಲಬ್ಬಿಗೆ ಹೋಗುವಾಗ ನನ್ನನ್ನೂ ಕರೆದೊಯ್ದರು. ಅಲ್ಲಿನ ಹಿರಿಯ ಸದಸ್ಯರೊಬ್ಬರು, ತಂದೆ ತಾತಂದಿರ ಕಾಲದಿಂದ ಇಲ್ಲಿಯವರು, ನಳಿಗೆಯ ಮೇಲಿನ ಗುರುತನ್ನು ಬೆಳಕಿಗೆ ಹಿಡಿದು ನೋಡಿ, "ಇದು ಯಾವ ಯುದ್ಧದಲ್ಲಿ ಆದದ್ದು?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಯಜಮಾನರು ತಡವರಿಸದೆ, "ನವರಾತ್ರಿ" ಎಂದರು.

ಮುದುಕರು ಪಿಸ್ತೂಲನ್ನು ಎರಡೂ ಕೈಯಲ್ಲಿ ಹಿಂದಿರುಗಿಸಿ, ತಲೆ ತಗ್ಗಿಸಿ ಹೇಳಿದರು: "ಕೇಳಿದ್ದೇನೆ. ಬಹಳ ಜನ ಸತ್ತರಂತೆ."

೪. ಮೂಲ ಬಿಡಿಭಾಗಗಳು

ಆ ಹೊತ್ತಿಗಾಗಲೇ ಸರ್ಕಾರದ ಹೊಸ ಕಾನೂನು ಬಂದಿತ್ತು. ಪಿಸ್ತೂಲನ್ನು ಇನ್ನು ಕೊಳ್ಳುವಂತಿಲ್ಲ, ಮಾರುವಂತಿಲ್ಲ, ಸ್ವಂತ ಮಗಳಿಗೂ ಕೊಡುವಂತಿಲ್ಲ. ಇದ್ದವರು ಇರುವಷ್ಟು ದಿನ ಇಟ್ಟುಕೊಳ್ಳಬಹುದು, ಅಷ್ಟೆ. ಸಂಗ್ರಹಕಾರನಿಗೆ ಸಂಗ್ರಹಿಸುವುದಕ್ಕೆ ಏನೂ ಇಲ್ಲದಂತಾಯಿತು. ಮರೆವು ಎಲ್ಲರಿಗೂ ಕಾಣುವಷ್ಟು ಬೆಳೆದಾಗ, ಒಂದು ಭಾನುವಾರ ಅವರು ಹೊಸದೊಂದು ನೋಟ್‌ಬುಕ್ಕು ಹಿಡಿದು ಬೇಸ್‌ಮೆಂಟಿಗೆ ಇಳಿದು ಬಂದರು.

"ಮೇಷ್ಟ್ರೇ, ಸರ್ಕಾರದ ಪಟ್ಟೀಲಿ ಬರೀ ನಂಬರು ಇದೆ. ಕಥೆಗಳೆಲ್ಲ ನನ್ನ ತಲೇಲಿವೆ. ತಲೆ ಖಾಲಿಯಾಗೋ ಮೊದ್ಲು ಕನ್ನಡದಲ್ಲಿ ಬರ್ಕೊಂಡ್ಬಿಡಿ."

ಹೀಗೆ ಪಟ್ಟಿಯ ಕೆಲಸ ಶುರುವಾಯಿತು. ಅವರು ಒಂದೊಂದಾಗಿ ಹೊರತೆಗೆದು ಮೇಜಿನ ಮೇಲಿಡುವರು, ಕಥೆ ಹೇಳುವರು, ನಾನು ಬರೆದುಕೊಳ್ಳುವೆನು. ನನಗೆ ಪಿಸ್ತೂಲುಗಳ ವಿಷಯ ಏನೇನೂ ತಿಳಿಯದು. ಕಣ್ಣಿಗೆ ಎಲ್ಲವೂ ಒಂದೇ ತಾಯಿಯ ಮಕ್ಕಳಂತೆ ಕಾಣುತ್ತಿದ್ದವು. ಆದರೂ ಪ್ರತಿಯೊಂದಕ್ಕೂ ಒಂದು ಪುಟ ತುಂಬಾ, ನನ್ನ ಅಧ್ಯಾಪಕರು ಓದಿದರೂ ತಲೆದೂಗಬೇಕು ಎನ್ನುವಂತೆ ಬರೆದೆ. ಕಾಫಿ ತಂದ ಆಂಟಿ ಒಂದು ದಿನ ಅದನ್ನು ಕೈಗೆತ್ತಿಕೊಂಡು ಓದಿದರು.

"ಅಯ್ಯೋ, ಎಷ್ಟು ಚೆನ್ನಾಗಿದೆ. ಏನ್ರೀ, ನನ್ನ ಬಗ್ಗೆನೂ ಒಂದು ಪುಟ ಹೇಳಿ ನೋಡೋಣ. ಮೇಷ್ಟ್ರು ಬರ್ಕೊಳ್ಳಲಿ."

ಯಜಮಾನರು ಕಣ್ಣು ಮುಚ್ಚಿ ಯೋಚಿಸಿದರು. ಹೆಂಡತಿಯ ಬಗ್ಗೆ ಈ ಮನುಷ್ಯನಿಗೆ ಏನೇನು ಉಳಿದಿದೆಯೋ ಎಂದುಕೊಳ್ಳುತ್ತಾ ನಾನು ಹೊಸ ಹಾಳೆ ತಿರುವಿದೆ.

"ಬರ್ಕೊಳ್ಳಿ ಮೇಷ್ಟ್ರೇ. ತಯಾರಾದ ಊರು, ಚನ್ನರಾಯಪಟ್ಟಣ. ಒಬ್ಬನೇ ಮಾಲೀಕ. ಸ್ಥಿತಿ ಉತ್ತಮ. ಎಲ್ಲಾ ಮೂಲ ಬಿಡಿಭಾಗಗಳು. ಎಡಗಾಲಿನ ಮಂಡಿ ಮಾತ್ರ ಇಲ್ಲಿ ಹಾಕಿಸಿದ್ದು."

೫. ವಿಟ್ಬಿಯಲ್ಲಿ ಪಾರ್ಕಿಂಗ್

ಇದು ನಡೆದಾಗ ನಾನಿರಲಿಲ್ಲ. ಅವರ ಮಗಳ ಬಾಯಿಂದ ಕೇಳಿದ್ದು. ಆಕೆ ಇಲ್ಲೇ ಹುಟ್ಟಿ ಬೆಳೆದವಳು, ಕಾರಿನಲ್ಲಿ ಗಂಟೆ ದೂರದ ವಿಟ್ಬಿಯಲ್ಲಿ ಮನೆ. ಕನ್ನಡ ಪೂರ್ತಿ ಅರ್ಥವಾಗುತ್ತದೆ. ಮಾತು ಅರ್ಧ ಇಂಗ್ಲಿಷು.

ಒಂದು ಭಾನುವಾರ ಮಧ್ಯಾಹ್ನ ಕರೆಗಂಟೆ ಸದ್ದಾಯಿತಂತೆ. ಬಾಗಿಲು ತೆಗೆದರೆ ಅಪ್ಪ. ಹತ್ತು ಸಲ ಕರೆದರೆ ಒಂದು ಸಲ ಬರುವ ಅಪ್ಪ, ಕರೆಯದೆ ಬಂದು ನಿಂತಿದ್ದಾರೆ.

"ಅಪ್ಪಾ! ಸರ್‌ಪ್ರೈಸಾ?"

"ಹೂಂ. ನಿನ್ನ ನೋಡ್ಬೇಕು ಅನ್ನಿಸ್ತು, ಬಂದೆ."

ಅವಳಿಗೆ ಕಣ್ಣು ತುಂಬಿ ಬಂತು. ಅನ್ನ ಸಾರು ಮಾಡಿ ಬಡಿಸಿದಳು. ಚಿಕ್ಕಂದಿನ ಫೋಟೋಗಳನ್ನು ತೆಗೆದು ತೋರಿಸಿದಳು. ಎರಡು ಗಂಟೆ ಕಳೆದು, ಬೀಳ್ಕೊಡಲು ಕಾರಿನ ತನಕ ಬಂದವಳ ಮುಂದೆ ಅವರು ಡಿಕ್ಕಿ ತೆರೆದರು. ಒಳಗೆ ಬೀಗ ಹಾಕಿದ ಕಪ್ಪು ಪೆಟ್ಟಿಗೆ. ಅದು ಯಾವ ಪೆಟ್ಟಿಗೆಯೆಂದು ಅವಳಿಗೆ ಗೊತ್ತಿತ್ತು. ಮನೆಯಿಂದ ಕ್ಲಬ್ಬಿಗೆ, ಕ್ಲಬ್ಬಿನಿಂದ ಮನೆಗೆ. ಆ ದಾರಿ ಬಿಟ್ಟು ಅದು ಎಲ್ಲೂ ಹೋಗಕೂಡದು ಎಂಬುದೂ ಗೊತ್ತಿತ್ತು. ಅಪ್ಪ ತನ್ನನ್ನು ನೋಡಲು ಬಂದದ್ದಲ್ಲ, ದಾರಿ ತಪ್ಪಿ ೪೦೧ನೇ ಹೆದ್ದಾರಿಯಲ್ಲಿ ಸುಮ್ಮನೆ ಬರುತ್ತಾ ಬರುತ್ತಾ, ಗುರುತು ಸಿಕ್ಕ ಮೊದಲ ಬಾಗಿಲ ಮುಂದೆ ನಿಂತಿದ್ದಾರೆ ಎಂದು ಆಗ ತಿಳಿಯಿತಂತೆ. ಕೀಲಿ ಇಸಿದುಕೊಂಡು ತಾನೇ ಕಾರು ಓಡಿಸಿ ಮೆಡೋವೇಲಿಗೆ ಕರೆತಂದಳು. ಅಡಿಗೆಮನೆಯಲ್ಲಿ ಅಮ್ಮನಿಗೂ ನನಗೂ ಇದನ್ನೆಲ್ಲ ಹೇಳುವಾಗಲೂ ಅವಳು ಕಾರಿನ ಕೀಲಿಯನ್ನು ಮುಷ್ಟಿಯಿಂದ ಬಿಟ್ಟಿರಲಿಲ್ಲ.

"ಕ್ಲಬ್ಬಿರೋದು ನ್ಯೂಮಾರ್ಕೆಟ್ ಸೈಡು, ಅಮ್ಮಾ. ಟೋಟಲಿ ಬೇರೆ ಡೈರೆಕ್ಷನ್! ಇವ್ರು ಬಂದಿರೋದು ವಿಟ್ಬಿಗೆ!"

ಹಾಲಿನ ಸೋಫಾದಿಂದ ಯಜಮಾನರ ಧ್ವನಿ ಕೇಳಿತು: "ಅದಕ್ಕೇ ಮತ್ತೆ, ಪಾರ್ಕಿಂಗು ಅಷ್ಟು ಸಲೀಸಾಗಿ ಸಿಕ್ಕಿದ್ದು."

೬. ಹನ್ನೊಂದಕ್ಕೆ ಹನ್ನೊಂದು

ವಿಟ್ಬಿಯ ಪ್ರಸಂಗವಾದ ಮೇಲೆ ಅವರನ್ನು ವೈದ್ಯರಲ್ಲಿಗೆ ಕರೆದೊಯ್ದೆವು. ಕಾರು ನನ್ನ ಕೈಯಲ್ಲಿ. ಹೊರಡುವ ಮುನ್ನ ಆಂಟಿ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು: "ಪಿಸ್ತೂಲಿನ ಮಾತು ಅಲ್ಲಿ ಎತ್ಬೇಡಿ ಮೇಷ್ಟ್ರೇ. ಅವ್ರು ಒಪ್ಕೊಂಡು ತಾವಾಗೇ ಕೊಡ್ಲಿ. ಬೇರೆಯವ್ರು ಬಂದು ಕಿತ್ಕೊಂಡು ಹೋದ್ರೆ ಆ ಅವಮಾನಾನ ಅವರು ತಡ್ಕೊಳ್ಳಲ್ಲ."

ವೈದ್ಯರು ಲಖನೌ ಕಡೆಯ ಮೃದುಮಾತಿನ ಮನುಷ್ಯ; ಅವರೊಡನೆ ಮಾತೆಲ್ಲ ಹಿಂದಿ, ಇಂಗ್ಲಿಷು ಬೆರೆಸಿ. ಕುರ್ಚಿ, ಮಾವು, ನದಿ ಎಂದು ಮೂರು ಪದ ಹೇಳಿ, ನೆನಪಿಟ್ಟುಕೊಳ್ಳಿ ಎಂದರು. ಗಡಿಯಾರ ಬರೆಯಿರಿ ಎಂದರು. ಯಜಮಾನರು ಬರೆದ ಗಡಿಯಾರದಲ್ಲಿ ಹನ್ನೆರಡು ಅಂಕಿಗಳೂ ಬಲಗಡೆಗೇ ಬಂದು ಕೂತವು. ಐದು ನಿಮಿಷ ಬಿಟ್ಟು ಕೇಳಿದಾಗ ಮೂರು ಪದಗಳಲ್ಲಿ ಒಂದೂ ಬರಲಿಲ್ಲ. ವೈದ್ಯರು ಬರೆದುಕೊಂಡರು. ಯಜಮಾನರು ತಮ್ಮ ಬೂಟಿನ ತುದಿಯನ್ನು ನೋಡುತ್ತಾ ಕೂತರು. ಅವರನ್ನು ಹಾಗೆ ನೋಡಲಾರದೆ ಹೋದವರು ಆಂಟಿ.

"ಡಾಕ್ಟರ್, ಈ ಕುರ್ಚಿ ಗಿರ್ಚಿ ಎಲ್ಲ ಯಾರಿಗೆ ನೆನಪಿರತ್ತೆ? ಅವರ ಪಿಸ್ತೂಲುಗಳನ್ನ ಕೇಳಿ. ಒಂದೂ ತಪ್ಪಲ್ಲ!"

ಮಾತು ಬಾಯಿಂದ ಹೊರಬಿದ್ದಿತ್ತು. ಯಜಮಾನರು ತಲೆ ಎತ್ತಿದರು, ಬೆನ್ನು ನೆಟ್ಟಗೆ ಮಾಡಿಕೊಂಡರು, ಹೇಳತೊಡಗಿದರು. ಒಂದನೆಯದು, ಅದರ ದೇಶ, ನಳಿಗೆಯ ಉದ್ದ, ತೂಕ. ಎರಡನೆಯದು. ಮೂರನೆಯದು. ಶಾಲೆಯ ಹುಡುಗ ಮಗ್ಗಿ ಒಪ್ಪಿಸಿದಂತೆ ಹನ್ನೊಂದನ್ನೂ ಒಪ್ಪಿಸಿದರು. ವೈದ್ಯರ ಪೆನ್ನು ಯಾವಾಗಲೋ ನಿಂತಿತ್ತು.

"ಬಹುತ್ ಅಚ್ಛಾ," ಎಂದರು ಅವರು ಮೆಲ್ಲಗೆ. "ಇವೆಲ್ಲ ಈಗ ಎಲ್ಲಿವೆ?"

"ಮನೇಲೇ," ಎಂದರು ಯಜಮಾನರು ಹೆಮ್ಮೆಯಿಂದ.

ಈ ತಿಂಗಳೊಳಗೆ ನೀವೇ ಒಪ್ಪಿಸಿಬಿಡಿ, ಇಲ್ಲದಿದ್ದರೆ ನಾನು ತಿಳಿಸಬೇಕಾದವರಿಗೆ ತಿಳಿಸಬೇಕಾಗುತ್ತದೆ ಎಂದು ವೈದ್ಯರು ಬಹಳ ಗೌರವದಿಂದಲೇ ಹೇಳಿದರು. ಲಿಫ್ಟಿನಲ್ಲಿ ಇಳಿಯುವಾಗ ಯಜಮಾನರು ಹೆಂಡತಿಯ ಕಡೆ ತಿರುಗಿದರು. "ಹನ್ನೊಂದಕ್ಕೆ ಹನ್ನೊಂದು ಹೇಳಿದೆ. ಪಾಸು ತಾನೇ?"

ಆಂಟಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಪಾಸಾಗಿದ್ದಕ್ಕೇ ಕಣ್ರೀ ತಗೊಂಡು ಹೋಗ್ತಾ ಇರೋದು."

೭. ಹನ್ನೆರಡನೆಯದು

ಅದಾದ ಮೇಲೆ ಒಂದು ವಾರ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತಲಿಲ್ಲ. ಎಂಟನೆಯ ದಿನ ಯಜಮಾನರು ತಾವಾಗಿಯೇ ಪೊಲೀಸರಿಗೆ ಫೋನು ಮಾಡಿದರು. "ಕಿತ್ಕೊಂಡ್ರು ಅನ್ನಿಸಿಕೊಳ್ಳೋದಕ್ಕಿಂತ ಕೊಟ್ಟ ಅನ್ನಿಸಿಕೊಳ್ಳೋದು ಮೇಲು" ಎಂದರು. ಮಾಡಿದ್ದು ಮರೆತು ಸಂಜೆ ಮತ್ತೆ ಫೋನು ಮಾಡಿದರು. ಮರುದಿನ ಬೆಳಿಗ್ಗೆ ಇನ್ನೊಮ್ಮೆ. ಇಷ್ಟೊಂದು ಉತ್ಸಾಹದಿಂದ ಪಿಸ್ತೂಲು ಒಪ್ಪಿಸುವವರನ್ನು ತಾವು ಕಂಡೇ ಇಲ್ಲ ಎಂದು ಆ ಕಡೆಯವರು ಹೇಳಿದರಂತೆ.

ಗೊತ್ತುಮಾಡಿದ ದಿನ ಬೆಳಿಗ್ಗೆ ಹತ್ತಕ್ಕೆ ಇಬ್ಬರು ಬಂದರು: ಹಿರಿಯ ಮಹಿಳಾ ಅಧಿಕಾರಿಯೊಬ್ಬರು, ಅವರ ಜೊತೆಗೆ ಪಂಜಾಬಿ ಮೂಲದ ಪೇದೆಯೊಬ್ಬ. ಮಗಳೂ ವಿಟ್ಬಿಯಿಂದ ಬಂದಿದ್ದಳು. ಯಜಮಾನರು ಇಸ್ತ್ರಿ ಮಾಡಿದ ಅಂಗಿ ಹಾಕಿ, ಮಹಡಿಯ ಕೋಣೆಯಲ್ಲಿ ಬೀರುವಿನ ಪಕ್ಕ ನಿಂತಿದ್ದರು. ಅವರದು ಒಂದೇ ಕೋರಿಕೆ: ಸರ್ಕಾರದ ಪಟ್ಟಿಯ ಜೊತೆಗೆ ತಮ್ಮ ಕನ್ನಡದ ಪಟ್ಟಿಯನ್ನೂ ಓದಿಯೇ ಒಂದೊಂದನ್ನು ಒಪ್ಪಿಸಬೇಕು.

ಹಿರಿಯ ಅಧಿಕಾರಿ ಒಪ್ಪಿದರು. ನಾನು ಒಂದೊಂದು ಪುಟದ ಸಾರಾಂಶವನ್ನು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದೆ. ಯಜಮಾನರು ಪ್ರತಿಯೊಂದನ್ನೂ ಎರಡೂ ಕೈಯಲ್ಲಿ ಎತ್ತಿ, ಒಂದು ಕ್ಷಣ ಹಿಡಿದು, ಮೇಜಿನ ಮೇಲಿಟ್ಟರು. ಒಂದು, ಎರಡು, ಐದು, ಒಂಬತ್ತು. ಹನ್ನೊಂದಕ್ಕೆ ಬೀರು ಬರಿದಾಯಿತು. ನನ್ನ ಕೈಯಲ್ಲಿ ಇನ್ನೂ ಒಂದು ಪುಟ ಉಳಿದಿತ್ತು.

"ಹನ್ನೆರಡು," ಎಂದೆ. ಆ ಎಣಿಕೆ ನನ್ನ ಕಿವಿಗೇ ವಿಚಿತ್ರವಾಗಿ ಕೇಳಿಸಿತು.

ಅಧಿಕಾರಿಯ ಮುಖ ಬದಲಾಯಿತು. ಸರ್ಕಾರದ ದಾಖಲೆಯಲ್ಲಿ ಇರುವುದು ಹನ್ನೊಂದು. ಹನ್ನೆರಡನೆಯದು ಇದ್ದರೆ ಅದು ಕಾಗದವಿಲ್ಲದ ಪಿಸ್ತೂಲು. ಇಟ್ಟದ್ದು ಎಲ್ಲಿ ಎಂದೂ ನೆನಪಿಲ್ಲದ ಮನುಷ್ಯನ ಮನೆಯಲ್ಲಿ.

"ಹನ್ನೊಂದೇ ಇರೋದು," ಎಂದರು ಯಜಮಾನರು. ಯಾರೂ ಅವರನ್ನು ನಂಬಲಿಲ್ಲ. ಆಂಟಿ ನನ್ನ ತೋಳು ಹಿಡಿದರು.

"ಮೇಷ್ಟ್ರೇ, ನೀವು ಕಣ್ಣಾರೆ ನೋಡಿದ್ರಾ?"

"ನೋಡಿದ್ದೇನೆ ಆಂಟಿ. ನೋಡದೆ ನಾನು ಬರೆದಿಲ್ಲ."

ಯಜಮಾನರು ನಮ್ಮೆಲ್ಲರ ಮುಖವನ್ನೂ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, "ಮೇಷ್ಟ್ರು ಬರೆದಿದ್ದಾರೆ ಅಂದ್ರೆ ಇರ್ಲೇಬೇಕು. ನನಗೇ ಮರ್ತಿರತ್ತೆ" ಎಂದು ಕುರ್ಚಿಯ ಮೇಲೆ ಕುಸಿದರು.

ಹುಡುಕಾಟ ಶುರುವಾಯಿತು. ಮಗಳು ಬಟ್ಟೆಯ ಕಪಾಟುಗಳನ್ನು ಬರಿದು ಮಾಡಿದಳು. ಆಂಟಿ ಅಕ್ಕಿಡಬ್ಬಕ್ಕೆ ಮೊಣಕೈವರೆಗೂ ಕೈ ಹಾಕಿದರು. ಪೇದೆ ದೇವರಮನೆಯ ಹೊಸ್ತಿಲಲ್ಲಿ ನಿಂತು, "ಆಂಟೀಜೀ, ಒಳಗೆ ನೀವೇ ನೋಡಿಬಿಡಿ" ಎಂದ. ಮುಕ್ಕಾಲು ಗಂಟೆ ಕಳೆದರೂ ಏನೂ ಸಿಗಲಿಲ್ಲ. ಕೊನೆಗೆ ಮಗಳು ನನ್ನ ಮುಂದೆ ಬಂದು ನಿಂತಳು.

"ಆ ಲಾಸ್ಟ್ ಪೇಜು ಕನ್ನಡದಲ್ಲೇ ಓದಿ. ಫುಲ್ ಓದಿ."

ಓದಿದೆ. ಬೆಲ್ಜಿಯಮ್ ದೇಶದ್ದು, ನಾವಿಕನೊಬ್ಬನ ವಿಧವೆ ಗಂಡನ ನೆನಪಿಗೆಂದು ಜೀವಮಾನವಿಡೀ ಜೋಪಾನ ಮಾಡಿದ್ದು, ಹಿಡಿಯ ಎಡಮಗ್ಗುಲಲ್ಲಿ ಅಕ್ಕಿಕಾಳಿನಷ್ಟು ಸೀಳು.

"ಈಗ ನಾಲ್ಕನೇದು ಓದಿ."

ಬೆಲ್ಜಿಯಮ್ ದೇಶದ್ದು, ಅಂಚೆಯ ಅಧಿಕಾರಿಯೊಬ್ಬ ಕಾಡಿನ ದಾರಿಯಲ್ಲಿ ಒಯ್ಯುತ್ತಿದ್ದದ್ದು, ಹಿಡಿಯ ವಾಮಭಾಗದಲ್ಲಿ ಉಗುರಿನ ತುದಿಯಂಥ ಬಿರುಕು. ಎರಡೂ ಒಂದೇ ಪಿಸ್ತೂಲು. ತೋರಿಸಿದ್ದನ್ನು ಮರೆತು ಅವರು ಎರಡು ತಿಂಗಳ ಮೇಲೆ ಅದನ್ನೇ ಮತ್ತೆ ತೋರಿಸಿ ಇನ್ನೊಂದು ಕಥೆ ಹೇಳಿದ್ದರು; ನಾನು ಬರೆದುಕೊಂಡಿದ್ದೆ. ಅಂಕಿಗಳು ಗದ್ಯದ ಅಂದ ಕೆಡಿಸುತ್ತವೆಂದು ಪಿಸ್ತೂಲಿನ ನಂಬರನ್ನು ಮಾತ್ರ ಎಲ್ಲಿಯೂ ಬರೆದಿರಲಿಲ್ಲ. ಆ ಮನೆಯಲ್ಲಿ ಅಂದು ಸರಿಯಾಗಿ ನೆನಪಿದ್ದದ್ದು ಮರೆವಿನ ಮನುಷ್ಯನೊಬ್ಬನಿಗೇ.

ನಾನು ಅವರ ಮುಂದೆ ಕೈಮುಗಿದೆ. "ಎರಡರಲ್ಲಿ ನಿಜವಾದ ಕಥೆ ಯಾವುದು ಸಾರ್? ಇನ್ನೊಂದನ್ನು ಹೊಡೆದುಹಾಕುತ್ತೇನೆ."

ಯಜಮಾನರು ಕಣ್ಣು ತಪ್ಪಿಸಿದರು. "ಅಂಗಡಿಯವ್ನು ಏನೂ ಹೇಳಿರ್ಲಿಲ್ಲ ಮೇಷ್ಟ್ರೇ. ಎರಡೂ ನಾನೇ ಕಟ್ಟಿದ್ದು. ಮೊದ್ಲು ಯಾವ ಸುಳ್ಳು ಹೇಳಿದ್ದೆ ಅನ್ನೋದನ್ನ ಮಾತ್ರ ಮರೆತೆ."

ಮಗಳು ಇದನ್ನು ಇಂಗ್ಲಿಷಿನಲ್ಲಿ ವಿವರಿಸಿದಳು. ಹಿರಿಯ ಅಧಿಕಾರಿ ವರದಿಯ ಹಾಳೆ ತೆರೆದು ಪೆನ್ನು ಹಿಡಿದರು. ಹನ್ನೆರಡರ ಪಟ್ಟಿಯೊಂದನ್ನು ಕಣ್ಣಾರೆ ಕಂಡ ಮೇಲೆ ಅದರ ಬಗ್ಗೆ ವರದಿಯಲ್ಲಿ ಏನಾದರೂ ಬರೆಯಲೇಬೇಕು. "ಏನೆಂದು ಬರೆಯಲಿ?" ಎಂದು ಜೊತೆಗಾರನನ್ನು ಕೇಳಿದರು.

ಪೇದೆ ಒಂದಿಷ್ಟೂ ನಗದೆ ಹೇಳಿದ: "ಹನ್ನೆರಡನೆಯ ಪಿಸ್ತೂಲು ಕನ್ನಡದಲ್ಲಿ ಮಾತ್ರ ಇದೆ ಎಂದು ಬರೆಯಿರಿ."

ಅವರು ಹಾಗೆಯೇ ಬರೆದರು. ಯಜಮಾನರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, "ಹಾಗಾದರೆ ಅದನ್ನು ನೀವು ತೆಗೆದುಕೊಂಡು ಹೋಗುವುದಿಲ್ಲವೇ?" ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದರು.

"ಇಲ್ಲ ಸರ್. ಅದು ನಿಮ್ಮಲ್ಲೇ ಇರಲಿ."

ಹನ್ನೊಂದು ಪೆಟ್ಟಿಗೆಗಳು ಮೆಟ್ಟಿಲಿಳಿದು ಹೋದವು. ಬಾಗಿಲು ಮುಚ್ಚಿದ ಸದ್ದಾಯಿತು. ಆಂಟಿ ಖಾಲಿ ಬೀರುವಿನ ಬಾಗಿಲಿಗೆ ಒರಗಿ ನಿಂತರು. ಮಗಳು ಕಿಟಕಿಯ ಕಡೆಗೆ ಮುಖ ಮಾಡಿದಳು. ಇನ್ನು ಇವರು ಅಳುತ್ತಾರೆ ಎಂದು ನಾನು ಯಜಮಾನರ ಹತ್ತಿರ ಹೋಗಿ ಮಂಡಿಯೂರಿ ಕೂತೆ. ಅವರು ನನ್ನ ಕೈಲಿದ್ದ ನೋಟ್‌ಬುಕ್ಕನ್ನು ತೆಗೆದುಕೊಂಡು, ಖಾಲಿ ಹಾಳೆಯೊಂದನ್ನು ಹುಡುಕಿ ತೆರೆದು, ನನ್ನ ತೊಡೆಯ ಮೇಲಿಟ್ಟರು.

"ಪೆನ್ನು ತೆಗೀರಿ ಮೇಷ್ಟ್ರೇ. ಹದಿಮೂರನೇದು ಜಪಾನಿಂದು."